ಸೂಜಿ ಮಾಡದ ಡಾಕ್ಟರ್

ಹುಟ್ಟುವಾಗ ನಾನು ಕಾಲು ಮುಂದಾಗಿ ಬಂದೆನಂತೆ. ಈ ಒಂದೇ ಅರ್ಹತೆಯ ಮೇಲೆ ಜಮಖಂಡಿಯ ನಮ್ಮ ಓಣಿಯಲ್ಲಿ ನನಗೆ ವೈದ್ಯನ ಸ್ಥಾನ ಪ್ರಾಪ್ತವಾಯಿತು. ಬೆನ್ನಿಗೆ ಚಳಕು, ಅಂದರೆ ಉಳುಕು, ಹಿಡಿದವರನ್ನು ಹಾಗೆ ಹುಟ್ಟಿದವನು ಮೆಲ್ಲಗೆ ಒದ್ದರೆ ನೋವು ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದೆ. ಈ ಹುದ್ದೆಯಿಂದ ಇನ್ನೂ ಆಗಿಲ್ಲ.

ನನ್ನ ತಂಗಿ ತಲೆ ಮುಂದಾಗಿ ಹುಟ್ಟಿದಳು. ಹೀಗಾಗಿ, ಪಾಪ, ಡಾಕ್ಟರಾಗಲು ಕಾಲೇಜಿಗೆ ಹೋಗಬೇಕಾಯಿತು. ಕಲಿತವಳು ದವಾಖಾನೆ ತೆರೆಯಲಿಲ್ಲ. ರೋಗಿಯ ಎದುರು ಕುಳಿತ ಡಾಕ್ಟರನ ತಲೆಯಲ್ಲಿ ಏನು ನಡೆಯುತ್ತದೆ, ಅದು ಎಲ್ಲಿ ಎಡವುತ್ತದೆ ಎಂಬುದನ್ನೇ ಜೀವನವಿಡೀ ಅಭ್ಯಾಸ ಮಾಡಿದಳು. ಮುಧೋಳದ ಸೋದರತ್ತೆಗೆ ಇದು ಕಡೆಯವರೆಗೂ ಪಚನವಾಗಲಿಲ್ಲ.

"ಸೂಜಿ ಮಾಡಂಗಿಲ್ಲ, ಗುಳಿಗಿ ಕೊಡಂಗಿಲ್ಲ. ಎಂಥಾ ಡಾಕ್ಟರ್ ಬೇ ನೀ?"

"ಸೂಜಿ ಮಾಡವ್ರಿಗೆ ಕಲಸ್ತೀನಿ, ಅತ್ತಿ."

"ಹಂಗಾರ ಕಲತವ್ರಾಗ ಒಬ್ಬನ್ನ ಇತ್ತ ಕಳಸು. ಮೊಣಕಾಲ ನೋಯಾಕತ್ತಾವ."

ತಂಗಿಯ ವಿದ್ಯೆಯ ತಿರುಳು ನನಗೆ ತಿಳಿದದ್ದು ಅತ್ತೆಯ ಹೊಲದಲ್ಲಿದ್ದ ಬೇಟೆ ನಾಯಿಯಿಂದ. ಅದನ್ನು ತೋರಿಸಿ ತಂಗಿ ಅಂದಳು: "ಮೊಲ ಕಂಡ ಮ್ಯಾಲೆ ಇದು ಅತ್ತಿತ್ತ ನೋಡಂಗಿಲ್ಲ. ನಾಯಿಗೆ ಅದು ಛಲೋ, ಅಣ್ಣಾ. ಡಾಕ್ಟರಿಗಲ್ಲ. ಮೊದಲ ಹೊಳೆದ ಜಡ್ಡಿನ ಬೆನ್ನ ಹತ್ತಿದ್ರ, ಬಾಜೂಕ ಕುಂತ ಜಡ್ಡು ಕಾಣಂಗಿಲ್ಲ." ಈ ಬಗ್ಗೆ ಬರೆದ ಲೇಖನಗಳನ್ನೆಲ್ಲ ನನಗೆ ಕಳಿಸುತ್ತಿದ್ದಳು. ನಾನು ಅವುಗಳನ್ನು ಅತ್ಯಂತ ಗೌರವದಿಂದ, ಓದದೆ, ಕಪಾಟಿನಲ್ಲಿ ಇಡುತ್ತಿದ್ದೆ.

ಮೊನ್ನೆ ಚಳಿಗಾಲದಲ್ಲಿ ಬನಹಟ್ಟಿಯಿಂದ ಬೀಗರು ಬಂದರು. ನನ್ನ ಮಗಳ ಮಾವ, ಸೀರೆ ವ್ಯಾಪಾರಿ. ಹಿಂದೆ ಬೀಗತಿ ಮತ್ತು ಜೀಪು ತುಂಬ ಬಂಧುಗಳು.

"ಸೀರಿ ಗಂಟು ಎತ್ತಾಕ ಹೋಗಿ ಚಳಕು ಹಿಡದೈತ್ರಿ. ಒಂದು ಒದ್ದು ಬಿಡ್ರಿ," ಎಂದು ಪಡಸಾಲೆಯಲ್ಲಿ ಬೋರಲು ಮಲಗಿಯೇ ಬಿಟ್ಟರು.

ನಾನು ಧರ್ಮಸಂಕಟಕ್ಕೆ ಬಿದ್ದೆ. ಹೆಣ್ಣು ಕೊಟ್ಟವನು ಬೀಗರ ಬೆನ್ನಿಗೆ ಕಾಲು ಹಚ್ಚುವುದೆಂದರೇನು? ನಾಳೆ ಮಗಳು ಆ ಮನೆಯಲ್ಲಿ ಬಾಳಬೇಕು. "ಮೊದಲ ದವಾಖಾನಿಗೆ ಹೋಗಿ ಬರೂಣ್ರಿ. ಅವರು ಚಳಕು ಅಂದ್ರ ಆಮ್ಯಾಲೆ ನೋಡೂಣು," ಎಂದೆ. ಅದು ಜ್ಞಾನವಲ್ಲ, ಬೀಗತನದ ಮರ್ಯಾದೆ.

ದವಾಖಾನೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಆಕೆ ಬಾಯಿ ತೆರೆಯುವ ಮೊದಲೇ ನಮ್ಮ ಮಂದಿ ಚಳಕೆಂದು ತೀರ್ಪು ಕೊಟ್ಟಿತ್ತು. ಆಕೆ ಬೀಗರನ್ನು ಬಗ್ಗಿಸಿದಳು, ತಿರುಗಿಸಿದಳು, ಇಸಿಜಿ ತೆಗೆಸಿದಳು. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಬಂಧುಗಳು ಎದ್ದು ನಿಂತರು.

"ಎಲ್ಲಾ ಬರೋಬರಿ ಐತಿ ಅಂದ್ರಿ. ಮತ್ತ್ಯಾಕ ಕುಂದರಸ್ತೀರಿ?" ಎಂದು ಬೀಗತಿ ಕೇಳಿದರು.

"ಚಳಕು ಅಂದ್ರ ಬಗ್ಗಿದಾಗ ನೋವು ಹೆಚ್ಚಾಗಬೇಕ್ರಿ. ಇವರಿಗೆ ಆಗವಲ್ದು. ಇಂಥಾ ಥಂಡ್ಯಾಗ ಬೆವತಾರ. ಅದೂ ಚಳಕಿಗೆ ಹೊಂದವಲ್ದು. ಇನ್ನೊಮ್ಮೆ ಇಸಿಜಿ ನೋಡೂತನಕ ಕಳಸಂಗಿಲ್ಲ."

ಒಬ್ಬ ಬಂಧು ಆಕೆಯ ವಯಸ್ಸು ವಿಚಾರಿಸಿದ. ಇನ್ನೊಬ್ಬ ಮೇಲಿನವರಿಗೆ ಫೋನ್ ಮಾಡುವೆನೆಂದ. ಆಕೆ ಕುರ್ಚಿಯನ್ನು ಬೀಗರ ಮಂಚದ ಪಕ್ಕಕ್ಕೆ ಎಳೆದುಕೊಂಡು ಕುಳಿತಳು, ಅಷ್ಟೇ. ಎರಡನೆಯ ಇಸಿಜಿಯಲ್ಲಿ ಹೃದಯಾಘಾತ ಎದ್ದು ಕಂಡಿತು. ಅಲ್ಲೇ ಔಷಧ ಶುರುಮಾಡಿ ಅಂಬ್ಯುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದಳು. ಮುಚ್ಚಿದ ರಕ್ತನಾಳವನ್ನು ಅಲ್ಲಿ ತೆರೆದರು. ಬೀಗರು ಉಳಿದರು.

ಅಂಬ್ಯುಲೆನ್ಸ್ ಹೊರಟ ಮೇಲೆ ನಾನು ಕೇಳಿದೆ: "ಈ ಹೊಂದೂದು, ಹೊಂದದಿರೂದು ಎಲ್ಲಿ ಕಲತೀಯವಾ?"

"ಕಾಲೇಜಿನ್ಯಾಗ ಒಬ್ಬ ಮೇಡಮ್ಮರ ಲೇಖನ ಓದಸ್ತಿದ್ರು, ಅಜ್ಜಾರ. ನಾ ಅವರನ್ನ ನೋಡಿಲ್ಲ. ನಮ್ಮ ಸರ್‌ಗಳೂ ನೋಡಿಲ್ಲ. ಆದ್ರ ವಾರ್ಡಿನ್ಯಾಗ ಎಲ್ಲಾರೂ 'ಇದರಾಗ ಯಾವುದು ಹೊಂದವಲ್ದು?' ಅನ್ನೂ ಅವರ ಪ್ರಶ್ನೀನ ಕೇಳತಿದ್ರು." ಹೆಸರು ಹೇಳಿದಳು. ಅದು ನಮ್ಮಪ್ಪ ನನ್ನ ತಂಗಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು.

ಸೂಜಿ ಹಿಡಿಯದ ನನ್ನ ತಂಗಿ, ತಾನೆಂದೂ ಕಾಲಿಡದ ಆ ಕೋಣೆಯಲ್ಲಿ, ಕಾಣದ ಹುಡುಗಿಯ ಪಕ್ಕ ನಿಂತು ನಮ್ಮ ಬೀಗರನ್ನು ಹಿಡಿದು ಕೂರಿಸಿದ್ದಳು.

ಸಂಜೆ ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಹೊಗಳಿಕೆಗೆಂದು ಕಟ್ಟಿಟ್ಟುಕೊಂಡಿದ್ದ ಹಳಗನ್ನಡದ ಒಂದೆರಡು ಪದಗಳನ್ನೂ ಬಳಸಿದೆ. ಆಕೆ ಬೀಗರ ಸ್ಥಿತಿ ವಿಚಾರಿಸಿ ಕೇಳಿದಳು:

"ಅಷ್ಟೊಂದು ಮಂದಿ ಮೈಮ್ಯಾಲೆ ಬಂದಾಗ ಆ ಹುಡುಗಿ ಹೆಂಗ ತಡಕೊಂಡ್ಳು, ಅಣ್ಣಾ?"

"ಅದನ್ನೂ ನೀನ ಬರದಿರಬೇಕು."

"ಇಲ್ಲ. ಅದನ್ನ ನಾ ಬರದಿಲ್ಲ, ನನಗ ಗೊತ್ತಿಲ್ಲ. ನಾಳೆ ಹೋಗಿ ಆಕೀನ್ನ ಕೇಳು. ಸರಿಯಾಗಿ ಕೇಳಿಕೊಂಡು ಬಾ."

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಂಶೋಧನೆಯ ಪರವಾಗಿ ನೇರವಾಗಿ ಡಾಕ್ಟರಮ್ಮನ ಕೋಣೆಗೆ ನುಗ್ಗಿದೆ. ಆಕೆ ಒಬ್ಬ ಮುದುಕಿಯ ನಾಡಿ ಹಿಡಿದಿದ್ದಳು. ತಲೆ ಎತ್ತಲಿಲ್ಲ.

"ಪಾಳಿ ಹಚ್ರಿ, ಅಜ್ಜಾರ."

ಹೊರಗೆ ಬಂದು ಸಾಲಿನ ತುದಿಯಲ್ಲಿ ನಿಂತೆ. ತಂಗಿಯ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಸಿಕ್ಕಂತಾಗಿತ್ತು.