ನಂಬರಿಲ್ಲದ ಎಮ್ಮೆ

ಧೈರ್ಯವಿದ್ದರೆ ಇದನ್ನು ನಂಬದೆ ಓದಿ ನೋಡೋಣ: ಯಾದಗಿರಿ ಸೀಮೆಯ ಒಂದು ದನದ ದವಾಖಾನೆಯಲ್ಲಿ ಕಂಪ್ಯೂಟರು ಸೋತ ಮಧ್ಯಾಹ್ನ, ಒಂದು ಎಮ್ಮೆಯ ಒಡತಿ ಯಾರೆಂದು ಹೇಳಿದವನು ನಾನು.

ಅಲ್ಲಿ ನಾನು ಹಳೇ ಗುಮಾಸ್ತ. ಹೊಸ ಕಂಪ್ಯೂಟರ್ ಮೇಡಂ ನನ್ನ ಮಗಳ ವಯಸ್ಸಿನವರು. ಬೇವಿನ ನೆರಳು ಕಿಟಕಿಯಿಂದ ಒಳಬಂದು ಮೇಜಿನ ಮೇಲೆ ತೂಕಡಿಸುವ ಹೊತ್ತಿಗೆ ನನಗೆ ಡೇಟಾಬೇಸ್ ಕಲಿಸುತ್ತಿದ್ದರು.

"ಒಂದ್ ಟೇಬಲ್‌ದಾಗ ದನ, ಇನ್ನೊಂದ್ರಾಗ ಮಾಲಕರು. ಎರಡಕ್ಕೂ ಗಂಟು ಹಾಕೋದು ದನದ ಕಿವಿಗಿ ಹೊಡ್ದ ಬಿಲ್ಲಿ ನಂಬರ್. ಎಮ್ಮಿ ಕೈ ಬದಲಾದ್ರ ಒಂದ್ ಕಡಿ ತಿದ್ದಿದ್ರ ಸಾಕ್ರಿ. ಇದು ರಿಲೇಶನಲ್."

"ಮತ್ತ ನಂದು?" ಎಂದು ನನ್ನ ತಗಡಿನ ಪೆಟ್ಟಿಗೆ ತಟ್ಟಿದೆ. ಅದರಲ್ಲಿ ದನಕ್ಕೊಂದು ಚೀಟಿ. ನಮ್ಮ ಕಡೆ ಎಮ್ಮೆಯ ಬಗ್ಗೆ ಕೇಳಿದರೆ ಬಣ್ಣ, ವಯಸ್ಸಿಗೆ ಯಾರೂ ನಿಲ್ಲಿಸುವುದಿಲ್ಲ; ಅದರ ತವರೂರು, ಯಾರ ಮೇಲೆ ಮುನಿಸು, ಎಲ್ಲ ಹೇಳುತ್ತಾರೆ. ಹೇಳಿದ್ದನ್ನೆಲ್ಲ ಬರೆದಿಡುತ್ತಿದ್ದೆ. ಒಂದು ಚೀಟಿಯಂತೆ ಇನ್ನೊಂದಿಲ್ಲ.

"ಅದು ನಾನ್-ರಿಲೇಶನಲ್ ರೀ ಕಾಕಾ. ಇಂಥಾದ್ದ ಬರೀಬೇಕಂತ ಖಾನೆ ಇಲ್ಲ. ಏನ್ ತುಂಬಿದ್ರೂ ಹಿಡಿತದ."

"ಅಂದ್ರ ಎಲ್ಲಾರ್ಕಿಂತ ಮೊದ್ಲ ನಾನ ಕಂಡ್ ಹಿಡದೀನಿ!"

ಆಗಲೇ ಕೊಂಕಲ್ ಊರಿನ ಒಬ್ಬಾಕೆ ಎಮ್ಮೆ ಹಿಡಿದು ಬಂದಳು. ಹಿಂದೆಯೇ ರಾಮಸಮುದ್ರದ ಮುದುಕಿ. ಎಮ್ಮೆ ತನ್ನದೆಂದು ಇಬ್ಬರದೂ ಹಟ. ಕಿವಿ ಹರಿದು ಬಿಲ್ಲೆ ಎಲ್ಲೋ ಬಿದ್ದುಹೋಗಿತ್ತು. ನಮ್ಮಲ್ಲಿ ದಾಖಲೆ ಇರುತ್ತದೆಂದು ಊರ ಹಿರಿಯರು ಇಬ್ಬರನ್ನೂ ಇಲ್ಲಿಗೆ ಕಳಿಸಿದ್ದರು.

"ಸೊಸಿ ಹಡದಾಳ್ರಿ ಯಪ್ಪಾ," ಎಂದಳು ಮುದುಕಿ. "ಮನ್ಯಾಗ ಹಾಲಿಗಿ ಇದೊಂದ ಎಮ್ಮಿ."

"ನಿಂದಂತ ಹಣಿ ಮ್ಯಾಲ ಬರದೈತೇನ ಮುದುಕಿ?" ಎಂದಳು ಕೊಂಕಲ್‌ನಾಕೆ.

ಮೇಡಂ ಟೇಬಲ್ ತೆರೆದರು. ನಂಬರಿಲ್ಲದೆ ಗಂಟು ಬೀಳಲಿಲ್ಲ. ಕರಿ, ಐದು ವರ್ಷ ಎಂದು ಹುಡುಕಿದರೆ ಅರ್ಧ ತಾಲ್ಲೂಕಿನ ಎಮ್ಮೆಗಳು ಪರದೆಯ ಮೇಲೆ ಬಂದು ನಿಂತವು.

ನಾನು ಮುದುಕಿಯ ಎಮ್ಮೆಯ ಚೀಟಿ ತೆಗೆದು ಗಂಭೀರವಾಗಿ ಓದಿದೆ: "ಒಡತಿಯ ಬಳೆ ಸದ್ದಾದರೆ ಮಾತ್ರ ಹಾಲಿಳಿಸುತ್ತದೆ."

ಕೊಂಕಲ್‌ನಾಕೆ ಕೈತುಂಬ ಬಳೆ ಗಲಗಲಿಸಿದಳು. ಎಮ್ಮೆ ಮೆಲುಕು ಹಾಕುತ್ತ ಯಾವುದೋ ಕೆರೆಯ ಕನಸಿನಲ್ಲಿತ್ತು. ಮುದುಕಿ ತನ್ನ ಎರಡೇ ಹಸಿರು ಬಳೆ ಆಡಿಸಿದಳು. ಎಮ್ಮೆ ನಿಧಾನವಾಗಿ ತಿರುಗಿ ಅವಳ ಸೆರಗಿಗೆ ಮೂತಿಯಿಟ್ಟಿತು. ಕೆಚ್ಚಲಿನಿಂದ ಒಂದು ಹನಿ, ಸ್ವಲ್ಪ ತಡೆದು ಇನ್ನೊಂದು, ಧೂಳಿಗೆ ಬಿದ್ದವು. ಕೊಂಕಲ್‌ನಾಕೆ ಹಗ್ಗ ಬಿಟ್ಟಳು.

ಒಂದು ಬಿಟ್ಟು ಎಲ್ಲ ನಿಜ. ಚೀಟಿಯಲ್ಲಿ ಬಳೆಯ ಮಾತೇ ಇರಲಿಲ್ಲ. ಮುದುಕಿ ಬಾಗಿಲು ದಾಟುವಾಗ ಅವಳ ಬಳೆ ಸದ್ದಿಗೆ ಎಮ್ಮೆಯ ಕಿವಿ ನೆಟ್ಟಗಾದದ್ದನ್ನು ಕಂಡು ಆ ಸಾಲನ್ನು ಅಲ್ಲೇ ಹೊಸೆದೆ. ಮೇಡಂನವರ ಟೇಬಲ್ಲಿನಲ್ಲಿ ಅಂಥ ಸುಳ್ಳಿಗೆ ಖಾನೆ ಎಲ್ಲಿತ್ತು?