ಆರು ತಿಂಗಳ ಗಡುವು ಮತ್ತು ಅಮ್ಮನ ಹರಕೆ

ನಲವತ್ತು ತುಂಬುವ ಹೊತ್ತಿಗೆ, ನನಗಿದ್ದ ಚಿಂತೆಗಳು ಸಾಲದೆಂಬಂತೆ ನೆತ್ತಿಯೂ ಕಾಣಿಸಿಕೊಳ್ಳತೊಡಗಿತು. ತೊಂಬತ್ತರ ದಶಕದ ಕೊನೆ. ಮನೆ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ಕೆಲಸ ಭದ್ರಾವತಿಯ ಒಂದು ಕಾಲೇಜಿನ ಆಫೀಸಿನಲ್ಲಿ. ದಿನಾ ಬಸ್ಸಿನ ಕಿಟಕಿ ಪಕ್ಕ ಕೂತು, ಟೋಪಿ ಹಾರಿಹೋಗುತ್ತದೇನೋ ಅನ್ನುವವರ ಹಾಗೆ ತಲೆಯ ಮೇಲೆ ಕೈಯಿಟ್ಟುಕೊಂಡೇ ಹೋಗುತ್ತಿದ್ದೆ. ಟೋಪಿ ಇರಲಿಲ್ಲ.

ಚರ್ಮದ ಡಾಕ್ಟರು ಹಚ್ಚಿಕೊಳ್ಳಲು ಒಂದು ಲೋಷನ್ ಬರೆದುಕೊಟ್ಟರು. “ಮೊದಮೊದಲು ಇನ್ನೂ ಜಾಸ್ತಿ ಉದುರಬಹುದು, ಹೆದರಿ ಬಿಡಬೇಡಿ. ಆರು ತಿಂಗಳು ಆಗೋವರೆಗೂ ಬಂತು, ಬರಲಿಲ್ಲ ಅಂತ ತೀರ್ಮಾನ ಮಾಡ್ಲೇಬೇಡಿ” ಎಂದರು.

ಮೂರನೇ ವಾರಕ್ಕೇ ನಾನು ಮತ್ತೆ ಅವರೆದುರು ಕೂತಿದ್ದೆ. ದಿಂಬಿನ ಮೇಲೆ ಸಿಕ್ಕಿದ್ದನ್ನೆಲ್ಲ ಬೆಂಕಿಪೊಟ್ಟಣದಲ್ಲಿ ತುಂಬಿ ಸಾಕ್ಷಿಗೆಂದು ಒಯ್ದಿದ್ದೆ.

“ಇದನ್ನ ಯಾಕೆ ತಂದ್ರಿ ಮಾರಾಯ್ರೆ? ವಾಪಸ್ ನೆಡೋಕಾ?”

“ಉದುರ್ತಿದೆ ಸಾರ್.”

“ಉದುರುತ್ತೆ ಅಂತ ನಾನೇ ಹೇಳಿದ್ನಲ್ಲ. ನಿಮಗೆ ಕೂದಲಿಗಿಂತ ಮೊದಲು ತಾಳ್ಮೆ ಉದುರಿದೆ.”

ಮನೆಗೆ ಬಂದರೂ ಸಮಾಧಾನವಿಲ್ಲ. ಬಚ್ಚಲುಮನೆಯ ಕನ್ನಡಿ ಬಂದಿದೆ ಅನ್ನುತ್ತಿತ್ತು, ಬಸ್ಸಿನ ಡ್ರೈವರ್ ಮೇಲಿನ ಕನ್ನಡಿ ಇಲ್ಲ ಅನ್ನುತ್ತಿತ್ತು. ಕೊನೆಗೆ ಹೆಂಡತಿಯ ಮುಂದೆ ತಲೆ ಬಗ್ಗಿಸುತ್ತಿದ್ದೆ. “ನಿನ್ನೆ ಎಷ್ಟಿತ್ತೋ ಅಷ್ಟೇ ಇದೆ. ದಾರಿ ಬಿಡಿ, ಸಾರು ಉಕ್ತಿದೆ” ಅನ್ನುತ್ತಿದ್ದಳು.

ಈ ಗೋಳು ಅಮ್ಮನಿಗೆ ನೋಡಲಾಗಲಿಲ್ಲ. ಒಂದು ಸಂಜೆ ನಾನು ಬರುವಷ್ಟರಲ್ಲಿ ದೇವರ ಮುಂದೆ ಹಳದಿ ಬಟ್ಟೆಯ ಗಂಟು ಕೂತಿತ್ತು. ನನ್ನ ಕೂದಲು ಮತ್ತೆ ಬಂದರೆ, ತಿರುಪತಿಗೆ ಕರೆದುಕೊಂಡು ಹೋಗಿ ನನ್ನ ಮುಡಿ ಕೊಡಿಸುತ್ತೇನೆಂದು ಹರಕೆ ಹೊತ್ತಿದ್ದಳು.

“ಅಮ್ಮಾ, ಬಂದ ಕೂದಲನ್ನೇ ಕೊಡೋದಾದ್ರೆ ಬರಿಸೋದ್ಯಾಕೆ?”

“ಮತ್ತೇನು ಹೇಳ್ಕೊಳ್ಲೋ? ನಿನಗೆ ಪ್ರಾಣ ಅಂದ್ರೆ ಅದೇ ತಾನೆ? ಬರೀ ಹಣ್ಣುಕಾಯಿ ಅಂದ್ರೆ ದೇವರು ತಿರುಗಿ ನೋಡ್ತಾನಾ?”

ಅಲ್ಲಿಗೆ ನನ್ನ ಚಿಂತೆ ಮಗುಚಿಕೊಂಡಿತು. ಇಷ್ಟು ದಿನ ಬರುವುದಿಲ್ಲವೇನೋ ಅಂತ ಇದ್ದದ್ದು, ಈಗ ಬಂದುಬಿಟ್ಟರೆ ಅಂತ ಆಯಿತು. ಬಂದೂ ಬಿಟ್ಟಿತು. ಐದನೇ ತಿಂಗಳಿಗೆ ನೆತ್ತಿಯ ಮೇಲೆ ತೆಳ್ಳಗೆ, ಮಾವಿನ ವಾಟೆಗೆ ಅಂಟಿದ ನಾರಿನ ಹಾಗೆ ಏನೋ ಎದ್ದಿತು. ಮೊದಲಾಗಿದ್ದರೆ ಗಾಂಧಿ ಬಜಾರಿನವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಈಗ ಪಕ್ಕದ ಹಳೇ ಕೂದಲನ್ನು ಎಳೆದು ಹೊಸದನ್ನು ಮುಚ್ಚಿ ಬಾಚತೊಡಗಿದೆ.

ಅಮ್ಮ ಬೆರಳಾಡಿಸಿ ಕಂಡುಹಿಡಿದಳು. “ಬಂದಿದೆ ಕಣೋ!”

“ಇಲ್ಲಮ್ಮ, ಆರು ತಿಂಗಳಾಗದೆ ತೀರ್ಮಾನ ಮಾಡಬಾರದು. ಡಾಕ್ಟರೇ ಹೇಳಿದಾರೆ.”

ಒಳಗಿನಿಂದ ಹೆಂಡತಿಯ ನಗು ಕೇಳಿಸಿತು.

ಆರು ತಿಂಗಳಾದಾಗ ಅಮ್ಮನೂ ಆಸ್ಪತ್ರೆಗೆ ಹೊರಟಳು. ಡಾಕ್ಟರು ಬೆಳಕು ಹಿಡಿದು ನೋಡಿ, “ಚೆನ್ನಾಗಿ ಹಿಡಿದಿದೆ” ಎಂದರು. ನನ್ನ ಮುಖ ಇಳಿಯಿತು. ಅಷ್ಟು ಒಳ್ಳೆಯ ಸುದ್ದಿಗೆ ಹಾಗೆ ಮುಖ ಮಾಡಿದ ರೋಗಿಯನ್ನು ಅವರು ಕಂಡಿರಲಿಕ್ಕಿಲ್ಲ.

“ಪೂರ್ತಿ ಗೊತ್ತಾಗೋಕೆ ಇನ್ನೂ ಟೈಮ್ ಬೇಕಲ್ವಾ ಸಾರ್?” ಎಂದು ಕಣ್ಣಲ್ಲೇ ಬೇಡಿಕೊಂಡೆ.

“ಬೇಕು, ಒಂದು ವರ್ಷವಾದ್ರೂ ಬೇಕು. ಯಾಕೆ?”

ಅಮ್ಮ ಹರಕೆಯ ವಿಷಯ ಹೇಳಿದಳು. ಡಾಕ್ಟರು ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಧಾರಾಳವಾಗಿ ಕೊಟ್ಟು ಬನ್ನಿ. ಬೋಳಿಸಿದ್ರೆ ಕೂದಲಿನ ಬುಡ ಏನೂ ಹೋಗಲ್ಲ. ಗಾಯಗೀಯ ಆಗಿದ್ರೆ ಮಾಗಲಿ, ಆಮೇಲೆ ಲೋಷನ್ ಮುಂದುವರಿಸಿ.”

ನನ್ನ ಕೊನೆಯ ವಕೀಲರೂ ಹೀಗೆ ಕೈಬಿಟ್ಟರು. ಹೋದೆ, ಕೊಟ್ಟೆ. ಊರಿಗೆ ಬಂದ ಮರುದಿನ ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದೆ. ತಲೆಗೆ ಗಾಳಿ ಇಷ್ಟು ತಂಪಾಗಿರುತ್ತದೆಂದು ಗೊತ್ತೇ ಇರಲಿಲ್ಲ.

ಸಂಜೆ ಅಮ್ಮ ನನ್ನ ಬೋಳುತಲೆ ಸವರಿ ಕೇಳಿದಳು, “ಮತ್ತೆ ಬರುತ್ತೇನೋ?”

“ಕಾಯಬೇಕಮ್ಮ. ಈಗಲೇ ಹೇಳೋಕಾಗಲ್ಲ.”

ಅವಳು ಸೆರಗು ಸರಿಮಾಡಿಕೊಂಡು ದೇವರ ಕೋಣೆಯ ಕಡೆ ಹೊರಟಳು. ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ.