ಸಂದಿ ಬೇಡ, ಸವಾರಿ ಬೇಡ

ನನ್ನ ಅಕ್ಕ ಇಪ್ಪತ್ತಾರು ವರ್ಷ ಒಂದನೇ ತರಗತಿಯಲ್ಲೇ ಇದ್ದಳು. ಫೇಲಾಗಿ ಅಲ್ಲ, ಪಾಠ ಮಾಡುತ್ತಾ. ಮದುವೆಯ ಗೋಜಿಗೇ ಹೋಗದಿದ್ದರಿಂದ ಶಾಲೆಯಲ್ಲೂ ಮಿಸ್, ಮನೆಯಲ್ಲೂ ಮಿಸ್. ಮೊದಲ ದಿನ ಅಳುತ್ತಾ ಬಂದ ಮಕ್ಕಳು ವರ್ಷದ ಕೊನೆಗೆ ಕಂಡದ್ದನ್ನೆಲ್ಲ ಅಳೆಯುತ್ತಾ ಹೋಗುತ್ತಿದ್ದವು. ಹಾಗಾಗಿ ಶಾಲೆಯಲ್ಲಿ ಅವಳಿಗೆ ಅಳತೆ ಮಿಸ್ ಎಂದೇ ಹೆಸರು.

ನಾವಿಬ್ಬರೂ ಓದಿದ ಕಾನ್ವೆಂಟಿನಲ್ಲಿ ಸ್ಕೇಲು ಇದ್ದದ್ದು ಅಳೆಯುವುದಕ್ಕಲ್ಲ, ನಮ್ಮ ಬೆರಳ ಗೆಣ್ಣುಗಳು ಎಷ್ಟು ಗಟ್ಟಿ ಎಂದು ನೋಡುವುದಕ್ಕೆ. ಒಂದು ಅಡಿ ಎಂದರೆ ಎಷ್ಟೆಂದು ನನ್ನ ಕೈಗೆ ಇವತ್ತಿಗೂ ನೆನಪಿದೆ. ಅದಕ್ಕೇ ಇರಬೇಕು, ಅಕ್ಕ ತನ್ನ ತರಗತಿಯೊಳಗೆ ಸ್ಕೇಲನ್ನು ಬೇಗ ಬಿಟ್ಟುಕೊಳ್ಳುತ್ತಿರಲಿಲ್ಲ. ಮೊದಲು ಎರಡು ರಿಬ್ಬನ್ನು: ಒಂದು ನೆಟ್ಟಗೆ ಮಲಗಿದ್ದು, ಇನ್ನೊಂದು ಉಂಡೆ ಸುತ್ತಿದ್ದು. "ಯಾವ್ದು ಉದ್ದ?" ಎಲ್ಲರೂ ನೆಟ್ಟಗಿದ್ದದ್ದನ್ನೇ ತೋರಿಸುತ್ತಿದ್ದರು. ಅಕ್ಕ ಉಂಡೆಯನ್ನು ಬಿಚ್ಚುತ್ತಾ ಹೋದಂತೆ ಮೂವತ್ತೊಂದು ಬಾಯಿಗಳೂ ತೆರೆದುಕೊಳ್ಳುತ್ತಿದ್ದವು. ಆಮೇಲೆ ಪೆನ್ಸಿಲು. ತನ್ನದನ್ನು ಚೂರು ಮೇಲಕ್ಕೆತ್ತಿ ಹಿಡಿದು "ನಂದೇ ದೊಡ್ಡದು" ಎನ್ನುವ ವೀರರು ಪ್ರತಿ ವರ್ಷವೂ ಇರುತ್ತಿದ್ದರು. "ಬುಡ ಸೇರ್ಸು, ಆಮೇಲೆ ತುದಿ ನೋಡು" ಎನ್ನುತ್ತಿದ್ದಳು ಅಕ್ಕ. ಈ ಪಾಠ ದೊಡ್ಡವರಿಗೂ ಇದ್ದಿದ್ದರೆ ನೆಂಟರಿಷ್ಟರ ಮಧ್ಯೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು.

ಮೂರನೆಯದು ಮರದ ಕಡ್ಡಿಗಳು, ಎಲ್ಲವೂ ಒಂದೇ ಉದ್ದ. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಇಟ್ಟು ಎಣಿಸಬೇಕು. ಅದಕ್ಕೆ ಅಕ್ಕನದೇ ಕಾನೂನು: ಸಂದಿ ಬೇಡ, ಸವಾರಿ ಬೇಡ. ಎರಡು ಕಡ್ಡಿಗಳ ನಡುವೆ ಜಾಗ ಬಿಡಬಾರದು, ಒಂದರ ಮೇಲೆ ಒಂದು ಹತ್ತಬಾರದು.

ಎರಡು ವರ್ಷದ ಹಿಂದೆ ಅವಳ ಬಲಗೈ ನಡುಗಲು ಶುರುವಾಯಿತು. ಅಕ್ಕನಿಗೆ ಯಾರು ಯಾರೋ ಕೈಕೊಟ್ಟಿದ್ದಾರೆ, ಈಗ ಕೈಯೇ ಕೈಕೊಟ್ಟಿತು. ಡಾಕ್ಟರು ಹೇಳಿದ ಕಾಯಿಲೆಯ ಹೆಸರು ನನ್ನ ನಾಲಿಗೆಗಿಂತ ಉದ್ದ. ಮಾತ್ರೆ ಕೊಟ್ಟರು, ನಡುಕ ಮಾತ್ರ ಹೋಗಲಿಲ್ಲ. ಬಸ್ಸಿನ ಕಂಬಿ ಹಿಡಿಯುವುದು ಕಷ್ಟವಾದ ಮೇಲೆ ಅವಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ನನ್ನ ಪಾಲಿಗೆ ಬಂತು.

ಕಳೆದ ವರ್ಷ ಕಡ್ಡಿಯ ಪಾಠದ ಮೊದಲ ದಿನವೇ ಮಕ್ಕಳ ಮುಂದೆ ಸಂದಿ ಬಿತ್ತು. ಮುಂದಿನ ಎರಡು ಹಲ್ಲು ಬಿದ್ದಿದ್ದ ಒಬ್ಬ ಪುಟ್ಟ ಹುಡುಗಿ ಇದ್ದಳು. ಬಾಯಲ್ಲೇ ಸಂದಿ ಇದ್ದವಳಿಗೆ ಅದು ಬೇಗ ಕಂಡಿತು.

"ಮಿಸ್, ಅಲ್ಲಿ ಸಂದಿ!"

ಅಕ್ಕ ಆ ಕಡ್ಡಿಯನ್ನು ಹತ್ತಿರಕ್ಕೆ ತಳ್ಳಿ, "ಶಭಾಷ್! ಬೇಕಂತಲೇ ಬಿಟ್ಟಿದ್ದೆ. ಯಾರ ಕಣ್ಣು ಚುರುಕು ನೋಡೋಣ ಅಂತ" ಎಂದಳು.

ಇಪ್ಪತ್ತಾರು ವರ್ಷದಲ್ಲಿ ಅವಳು ಮಕ್ಕಳಿಗೆ ಹೇಳಿದ ಮೊದಲ ಸುಳ್ಳು ಅದು. ಅವತ್ತಿನಿಂದ ಅದೇ ಆಟವಾಯಿತು. ಮಿಸ್ ತಪ್ಪು ಮಾಡಬೇಕು, ಮಕ್ಕಳು ಹಿಡಿಯಬೇಕು. ಮಿಸ್ಸಿಗೆ ತಪ್ಪಿನ ಕೊರತೆ ಇರಲಿಲ್ಲ. ಮಕ್ಕಳ ಕಣ್ಣು ಎಷ್ಟು ಹರಿತವಾಯಿತೆಂದರೆ ಕೂದಲೆಳೆಯಷ್ಟು ಸಂದಿಗೂ ಕೂಗು ಬೀಳುತ್ತಿತ್ತು.

ಈ ಮಧ್ಯೆ ಯಾವುದೋ ಮಗುವಿನ ತಂದೆ, ಬೋರ್ಡಿನ ಅಕ್ಷರಗಳು ಸೊಟ್ಟಗಿವೆ ಎಂದು ದೂರು ಕೊಟ್ಟರು. ಹೆಡ್‌ಮಿಸ್ಟ್ರೆಸ್ ಅಕ್ಕನನ್ನು ಕರೆದರು. ಆಕೆಯೇನೂ ಕೆಟ್ಟವರಲ್ಲ. "ಗುರುವಾರ ಒಂದು ಪಾಠ ನೋಡ್ತೀನಿ. ನಿಮ್ಮ ಕೈಯಿಂದಲೇ ಮಾಡಿ ತೋರಿಸ್ಬೇಕು. ಸರಿ ಇದ್ರೆ ಯಾರು ಏನೇ ಅಂದ್ರೂ ತರಗತಿ ನಿಮ್ದೇ. ಇಲ್ಲಾಂದ್ರೆ ಸೋಮವಾರದಿಂದ ಹೊಸಬರು ಬರ್ತಾರೆ" ಎಂದರು.

ಗುರುವಾರ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಅವಳನ್ನು ಇಳಿಸುವಾಗ ನಾನು ನನ್ನ ಬುದ್ಧಿ ಖರ್ಚು ಮಾಡಿದೆ.

"ಅಕ್ಕಾ, ಮಕ್ಕಳಿಗೆ ಒಂದು ಮಾತು ಹೇಳ್ಬಿಡು. ಇವತ್ತು ಆಟ ಇಲ್ಲ, ತಪ್ಪು ಕಂಡ್ರೂ ಸುಮ್ನಿರಿ ಅಂತ. ಅವರು ಕೂಗದೇ ಇದ್ರೆ ಹಿಂದಿನ ಬೆಂಚಲ್ಲಿ ಕೂತವ್ರಿಗೆ ಏನು ಕಾಣತ್ತೆ?"

"ತಪ್ಪು ಕಂಡ್ರೆ ಬಾಯಿ ಮುಚ್ಕೊಳ್ಳಿ ಅಂತ ನಾನು ಹೇಳ್ಕೊಡ್ಲಾ? ಅದನ್ನ ಹೇಳ್ಕೊಡೋಕೆ ಊರು ತುಂಬಾ ಜನ ಇದಾರೆ ಕಣೋ."

"ಕೆಲಸ ಹೋಗತ್ತೆ."

"ಗೊತ್ತು. ನೀನು ಹೊರಗೆ ಕಿಟಕಿ ಹತ್ರ ಇರು. ಒಳಗೆ ಬಂದು ಜೋಕ್ ಮಾಡ್ಬೇಡ."

ಜೋಕು ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಿಟಕಿಯ ಸರಳಿನ ಆಚೆ, ಹಿಂದಿನ ಬೆಂಚಲ್ಲಿ ಕೂತ ಹೆಡ್‌ಮಿಸ್ಟ್ರೆಸ್ ಎದುರು, ಅಕ್ಕ ಮೇಜಿನ ಮೇಲೆ ಕಡ್ಡಿ ಜೋಡಿಸತೊಡಗಿದಳು. ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದಿದ್ದಳು. ಮೂರು ಕಡ್ಡಿ ಸರಿಯಾಗಿ ಕೂತವು. ನಾನು ಉಸಿರು ಬಿಟ್ಟೆ. ನಾಲ್ಕನೆಯದು ಜಾರಿತು.

"ಸಂದಿ!" ಎಂದಳು ಹಲ್ಲಿಲ್ಲದ ಹುಡುಗಿ.

ಅಕ್ಕ ಅದನ್ನು ತಳ್ಳಿದಳು. ಅದು ಮೂರನೆಯದರ ಮೇಲೇರಿತು.

"ಸವಾರಿ!" ಎಂದಿತು ಇಡೀ ತರಗತಿ.

ಹದಿನಾಲ್ಕು ಕಡ್ಡಿಯ ಮೇಜು ಅದು. ಮೊದಲ ಸಲ ಹದಿಮೂರು ಬಂತು, ಎರಡನೆಯ ಸಲ ಹದಿನೈದು. ಎಲ್ಲಿ ಬಿಟ್ಟಿರಿ, ಎಲ್ಲಿ ಹತ್ತಿಸಿದಿರಿ ಎಂದು ಮಕ್ಕಳು ಒಂದೊಂದನ್ನೇ ಬೆರಳಿಟ್ಟು ತೋರಿಸಿದರು, ಪಕ್ಕದಲ್ಲಿ ಸರಿಯಾಗಿ ಜೋಡಿಸಿಯೂ ಬಿಟ್ಟರು. ದೊಡ್ಡ ಮೇಡಂ ಬಂದಿದ್ದಾರೆಂದು ಮಿಸ್ ಇವತ್ತು ಭರ್ಜರಿಯಾಗಿ ಆಡುತ್ತಿದ್ದಾರೆ ಎಂದೇ ಅವರ ಲೆಕ್ಕ.

"ಮಿಸ್, ಇವತ್ತು ಎಲ್ಲಾ ದಿನಕ್ಕಿಂತ ಜಾಸ್ತಿ ತಪ್ಪು!" ಎಂದು ಆ ಹುಡುಗಿ ಕುಣಿದಳು. ತರಗತಿ ಚಪ್ಪಾಳೆ ತಟ್ಟಿತು. ಅಕ್ಕನೂ ತಟ್ಟಿದಳು. ಅವಳ ಎರಡು ಅಂಗೈಗಳು ಒಂದಕ್ಕೊಂದು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

ಹೊರಗೆ ಬಂದ ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿದರು.

"ಪಾಠ ಹೇಗಿತ್ತು?" ಅಕ್ಕ ಕೇಳಿದಳು.

"ಇಷ್ಟು ಚೆನ್ನಾಗಿ ಕಲಿತ ಮಕ್ಕಳನ್ನ ನಾನು ಈ ಶಾಲೆಯಲ್ಲಿ ನೋಡಿಲ್ಲ."

"ಸೋಮವಾರ?"

"ಹೊಸಬರು ಬರ್ತಾರೆ," ಎಂದು ಆಕೆ ಕನ್ನಡಕ ಹಾಕಿಕೊಂಡರು.

ಶುಕ್ರವಾರ ಅಕ್ಕನ ಕೊನೆಯ ದಿನ. ಅವಳ ಪುಸ್ತಕದ ಪೆಟ್ಟಿಗೆ ಎತ್ತಿಕೊಳ್ಳಲು ನಾನು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಮಕ್ಕಳನ್ನು ನೆಲದ ಮೇಲೆ ಕೂರಿಸಿ ತಾನೂ ಕೂತಳು.

"ಒಂದು ವಿಷಯ ಹೇಳ್ಬೇಕು. ಅದು ಆಟ ಆಗಿರ್ಲಿಲ್ಲ. ನನ್ನ ಕೈಗೆ ಹುಷಾರಿಲ್ಲ, ಅದಕ್ಕೇ ತಪ್ಪಾಗ್ತಿತ್ತು. ಬೇಕಂತ ಮಾಡಿದ್ದು ಅಂತ ನಾನು ಸುಳ್ಳು ಹೇಳಿದೆ."

ಹಲ್ಲಿಲ್ಲದ ಹುಡುಗಿ ಕೇಳಿದಳು, "ಒಂದೂ ಆಟ ಅಲ್ವಾ?"

"ಒಂದೂ ಅಲ್ಲ ಪುಟ್ಟಿ."

"ಸೋಮವಾರ ನೀವು ಬರಲ್ಲ ಅಂತ ನಮ್ಮ ಸ್ಕೂಲ್ ಆಯಮ್ಮ ಹೇಳಿದ್ರು. ನಾವು ದೊಡ್ಡ ಮೇಡಂ ಮುಂದೆ ಕೂಗಿದ್ದಕ್ಕಾ?"

"ಅಲ್ಲ. ನೀವು ಕೂಗಿದ್ದು ಸರಿ. ಅಲ್ಲಿ ಸಂದಿ ಇತ್ತಲ್ಲ?"

ಹುಡುಗಿ ತಲೆಯಾಡಿಸಲಿಲ್ಲ. ತುಟಿ ಬಿಗಿದುಕೊಂಡು, ಅಕ್ಕನ ಮುಖವನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ ಗಂಟೆ ಹೊಡೆಯಿತು.

ದಾರಿಯುದ್ದಕ್ಕೂ ಅಕ್ಕ ಕೆಲಸದ ಮಾತೆತ್ತಲಿಲ್ಲ. "ಸುಳ್ಳು ಹೇಳಿದ್ದು ನಾನು, ಅದರ ಭಾರ ಹೊತ್ಕೊಂಡು ಹೋಗಿದ್ದು ಅವಳು. ಇನ್ಮೇಲೆ ತಪ್ಪು ಕಂಡ್ರೆ ಹೇಳ್ತಾಳೋ ಇಲ್ವೋ ಆ ಮಗು" ಎಂದಳು. ಮನೆಯಲ್ಲೂ ಅದೇ ಮಾತು. ಕಾಫಿ ಕುಡಿಯುವಾಗ, ಮಾತ್ರೆ ನುಂಗುವಾಗ, ಟೀವಿಯಲ್ಲಿ ಯಾರೋ ನಗುವಾಗ. ಒಂದು ತಿಂಗಳು ಕೇಳಿಸಿಕೊಂಡೆ. ಕೊನೆಗೊಂದು ದಿನ, ಅವಳು ಬಿಟ್ಟು ಬಂದಿದ್ದ ಟಿಫನ್ ಡಬ್ಬಿಯ ನೆಪ ಮಾಡಿಕೊಂಡು ಶಾಲೆಗೆ ಹೋದೆ. ಹೊಸ ಟೀಚರು ನಗುಮುಖದ ಎಳೆ ಹುಡುಗಿ. ಬೋರ್ಡಿನ ಮೇಲೆ ಅವರ ಅಕ್ಷರ ಅಚ್ಚೊತ್ತಿದ ಹಾಗಿತ್ತು. ಆ ಮಗುವಿನ ಬಗ್ಗೆ ಕೇಳಿದೆ.

"ಅವಳಾ? ಬಂಗಾರದಂಥ ಮಗು ಸರ್. ತರಲೆ ಇಲ್ಲ, ಏನಿಲ್ಲ. ಬಾಯೇ ಬಿಡಲ್ಲ."

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರು?"

ಹೊಟ್ಟೆಪಾಡಿಗೆ ನಗೆಭಾಷಣ ಮಾಡುತ್ತಾ ಮಾತು ತಿರುಚುವ ನನಗೆ ಒಂದು ಸಣ್ಣ ಸುಳ್ಳು ಹೊಸೆಯುವುದು ಏನೂ ಕಷ್ಟವಿರಲಿಲ್ಲ. ಆದರೆ ಆಗಲಿಲ್ಲ. ಟೀಚರು ಹೇಳಿದ್ದನ್ನು ಹಾಗೇ ಹೇಳಿದೆ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಡುಕ ಭುಜದವರೆಗೂ ಏರಿತ್ತು.

"ಆ ಮಗು ಮನೆ ನಂಗೊತ್ತು. ಹಳೇ ಅಂಚೆ ಆಫೀಸಿನ ಹಿಂದೆ," ಎಂದಳು. "ನನ್ನ ಚಪ್ಪಲಿ ಎಲ್ಲಿ?"

ಚಪ್ಪಲಿಯ ಬಕಲು ಹಾಕಲು ಅವಳಿಂದ ಈಗ ಆಗುವುದಿಲ್ಲ. ನಾನು ಬಗ್ಗಿದೆ. "ಬೇಗ ಮಾಡೋ, ಮಗು ಆಟಕ್ಕೆ ಹೋಗ್ಬಿಡತ್ತೆ" ಎಂದಳು.